ಮರೆಗುಳಿ ಡಬ್ಬ

ಗುರುವಾರ ಬೆಳಿಗ್ಗೆ ಹತ್ತೂಕಾಲಿಗೆ ಆ ಹಳೇ ಕಂಪ್ಯೂಟರು ಮತ್ತೆ ಅದೇ ಸಾಲಿಗೆ ಬಂದು ನಿಂತಿತು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಮೇಲೇರುತ್ತಾ ಬಂದವು. ಇನ್ನೇನು ದಡ ಸೇರಿದೆವು ಅನ್ನುವಷ್ಟರಲ್ಲಿ ನಿಂತವು. ಕೊನೆಯ ಸಾಲಿನ ಕೆಳಗೆ ಪುಟ್ಟ ಗೆರೆಯೊಂದು ಕಣ್ಣು ಮಿಟುಕಿಸುತ್ತಾ ಕೂತಿತು. ನಿನ್ನೆ ಸಂಜೆ ಐದೂವರೆಗೆ ಇದೇ ಡಬ್ಬ ಒಂದು ತಕರಾರೂ ಇಲ್ಲದೆ ಎದ್ದು ಕೆಲಸ ಮಾಡಿತ್ತು. ತಂಗಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡಳು. ಗೋಡೆಗೆ ಚಚ್ಚಿಕೊಳ್ಳೋಣವೆಂದರೆ ಗೋಡೆಯ ತುಂಬಾ ಹಲ್ಲಿನ ಅಚ್ಚುಗಳ ಶೆಲ್ಫು.

ಅಕ್ಕ ತಂಗಿ ಸೇರಿ ನಡೆಸುವ ಹಲ್ಲಿನ ಲ್ಯಾಬ್ ಅದು. ಹಲ್ಲು ಕೀಳುವ ಜಾಗವಲ್ಲ, ಕೀಳಿಸಿಕೊಂಡವರಿಗೆ ಹೊಸದು ಮಾಡಿಕೊಡುವ ಜಾಗ. ಅಪ್ಪ ಶುರು ಮಾಡಿದ್ದು, ಮೇಲಿನ ಮಹಡಿಯಲ್ಲಿ ಅಕ್ಕನ ಮನೆ. ಅಕ್ಕ ಅಪ್ಪನ ಹಾಗೇ ಮೇಣದಲ್ಲಿ ಹಲ್ಲು ಕೊರೆಯುತ್ತಾಳೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಳೆಂದರೆ ಪಕ್ಕದಲ್ಲಿ ಪಟಾಕಿ ಹೊಡೆದರೂ ತಿರುಗುವವಳಲ್ಲ. ತಂಗಿ ಮಾಡುವುದು ಕಂಪ್ಯೂಟರಿನಲ್ಲಿ. ದೊಡ್ಡಾಸ್ಪತ್ರೆಯವರು ರೋಗಿಯ ಬಾಯನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿನಲ್ಲಿ ಕಳಿಸುತ್ತಾರೆ, ಅವಳು ಪರದೆಯ ಮೇಲೆ ಹಲ್ಲು ರೂಪಿಸಿ ಯಂತ್ರಕ್ಕೆ ಕೊಡುತ್ತಾಳೆ. ಲ್ಯಾಬಿನ ಮುಕ್ಕಾಲು ಪಾಲು ಕೆಲಸ ಈಗ ಆ ಆಸ್ಪತ್ರೆಯದೇ. ಅದು ಹೋದರೆ ಅಕ್ಕನ ಮೇಣ ಹೇಗೋ ಉಳಿದೀತು, ತಂಗಿಗೆ ಅಲ್ಲಿ ಕೂರಲು ಕುರ್ಚಿಯೂ ಬೇಕಾಗುವುದಿಲ್ಲ.

ಹೋಗುವ ಹೊತ್ತು ಬಂದೇಬಿಟ್ಟಿತ್ತು. ಹತ್ತು ದಿನದ ಹಿಂದೆ ಲ್ಯಾಬಿನ ಕಂಪ್ಯೂಟರಿಗೆ ಯಾವುದೋ ಮೇಲ್ ಮೂಲಕ ವೈರಸ್ ನುಗ್ಗಿ, ಲ್ಯಾಬಿನ ಹೆಸರಲ್ಲೇ ಆಸ್ಪತ್ರೆಯ ಡಾಕ್ಟರುಗಳಿಗೆಲ್ಲ ಕಸದಂಥ ಪತ್ರಗಳನ್ನು ಕಳಿಸಿತು. ಆಸ್ಪತ್ರೆಯ ಕಂಪ್ಯೂಟರ್ ಅಧಿಕಾರಿ ಮೃದುವಾಗಿಯೇ ಮಾತಾಡಿದ, ಆದರೆ ಒಂದಿಂಚೂ ಬಗ್ಗಲಿಲ್ಲ. ನಿಮ್ಮ ಲ್ಯಾಬಿಗೂ ಹೊರಗಿನ ಇಂಟರ್ನೆಟ್ಟಿಗೂ ನಡುವೆ ಒಂದು ಫೈರ್‌ವಾಲ್ ಇರಬೇಕು, ಯಾರು ಒಳಗೆ ಬರಬಹುದು ಯಾರು ಬರಬಾರದು ಎಂದು ತಡೆದು ನೋಡುವ ಕಾವಲು, ಗುರುವಾರ ನಾಲ್ಕು ಗಂಟೆಗೆ ನಾನು ಈ ಕಡೆಯಿಂದ ಪರೀಕ್ಷೆ ಮಾಡುತ್ತೇನೆ, ಇಲ್ಲವಾದರೆ ಲಿಂಕ್ ಮುಚ್ಚುತ್ತೇನೆ ಎಂದ. ಇನ್ನೊಂದು ಮಾತು ಸೇರಿಸಿದ. ಪರೀಕ್ಷೆಯ ನಡುವೆ ಆ ಪೆಟ್ಟಿಗೆಯ ಕರೆಂಟು ತೆಗೆದು ಮತ್ತೆ ಹಾಕಬೇಕು. ಯಾರೂ ಮುಟ್ಟದೆ ಅದು ತಾನಾಗಿ ಎದ್ದು ನಿಲ್ಲಬೇಕು.

ಶನಿವಾರ ಆ ಫೋನು ಎತ್ತಿದ್ದು ಅಕ್ಕ. ಹಾಳು ಮೇಲ್ ತೆರೆದದ್ದು ಯಾರು ಎಂದು ಆತ ಕೇಳಿದಾಗ ಅಕ್ಕ, "ಕಂಪ್ಯೂಟರ್ ಕೆಲಸ ಎಲ್ಲಾ ನನ್ನ ತಂಗೀದು. ಏನು ಮಾಡಿದ್ದಾಳೋ ಅವಳನ್ನೇ ಕೇಳಿ," ಅಂದಳು. ತಂಗಿ ಎರಡು ಹೆಜ್ಜೆ ಆಚೆ ನಿಂತು ಕೇಳಿಸಿಕೊಂಡಳು. ಶನಿವಾರ ಮಧ್ಯಾಹ್ನದ ಜಗಳ ಶುರುವಾಗಿದ್ದೇ ಅಲ್ಲಿಂದ. ನಾನು ತೆರೆದಿಲ್ಲ ಎಂದಳು ತಂಗಿ. ಮತ್ತೆ ಮೇಣ ತೆರೆಯಿತಾ ಎಂದಳು ಅಕ್ಕ. ಒಂದು ಹೊಸ ಫೈರ್‌ವಾಲ್ ಪೆಟ್ಟಿಗೆ ತರಿಸೋಣ ಎಂದಾಗ ಅಕ್ಕ, ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಬಂದದ್ದಾಯಿತು, ಇನ್ನು ಬೇಡ ಎಂದಳು. ಹಾಗಾದರೆ ಅಟ್ಟದ ಮೇಲೆ ಬಿದ್ದಿರುವ ಹಳೇ ಕಂಪ್ಯೂಟರಿಗೇ ಫೈರ್‌ವಾಲ್ ಹಾಕಿ ತೋರಿಸುತ್ತೇನೆ ಎಂದು ತಂಗಿ ಸವಾಲು ಹಾಕಿದಳು. ಆಗ ಅಕ್ಕ ಕಣ್ಣಿನ ಭೂತಗನ್ನಡಿಯನ್ನೂ ತೆಗೆಯದೆ, "ನಿನ್ನ ಕೈಲಾಗೋ ಕೆಲಸ ಅಲ್ಲ ಬಿಡೇ," ಅಂದುಬಿಟ್ಟಳು.

ಅವತ್ತಿನಿಂದ ತಂಗಿಯ ಬಾಯಿಗೆ ಬೀಗ.

ಆದರೆ ಲ್ಯಾಬಿನ ಕೆಲಸ ನಿಲ್ಲುವ ಹಾಗಿಲ್ಲವಲ್ಲ. ಅದಕ್ಕೆ ಅಪ್ಪನ ಕಾಲದ ಒಂದು ಪದ್ಧತಿ ಇತ್ತು. ಪ್ರತಿ ಕೆಲಸಕ್ಕೂ ಒಂದು ಚೀಟಿ. ಮಡಚಿದ ಚೀಟಿ ನಿಮ್ಮ ಮೇಜಿಗೆ ಬರುತ್ತದೆ. ಓದಿ, ಕೆಲಸ ಮುಗಿಸಿ, ಮೇಜಿನ ಮೇಲಿನ ಮೊಳೆಗೆ ಚುಚ್ಚುತ್ತೀರಿ. ಮರದ ತುಂಡಿನಿಂದ ತುದಿ ಮೇಲಾಗಿ ಎದ್ದು ನಿಂತ ಉದ್ದನೆಯ ಮೊಳೆ ಅದು, ಅಪ್ಪನೇ ಹೊಡೆದು ಕೊಟ್ಟದ್ದು, ಅಕ್ಕನಿಗೊಂದು, ತಂಗಿಗೊಂದು. ಮೊಳೆಗೆ ಚುಚ್ಚಿದರೆ ಓದಿಯಾಯಿತು, ಮುಗಿಯಿತು ಎಂದರ್ಥ. ಆಮೇಲೆ ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಶನಿವಾರ ಸಂಜೆಯಿಂದ ಅಕ್ಕ ತಂಗಿಗೆ ಚೀಟಿ ಕಳಿಸತೊಡಗಿದಳು. ಕೆಲಸದ ಚೀಟಿ ಬಿಳಿಯದು, ಇವು ಹಳದಿ. ಹಲ್ಲಿನ ವಿಷಯವಲ್ಲವೆಂದು ಬಣ್ಣದಿಂದಲೇ ಗೊತ್ತಾಗುತ್ತಿತ್ತು. ಇನ್ನಷ್ಟು ಉಪದೇಶ ಕೇಳುವ ತಾಳ್ಮೆ ತಂಗಿಗೆ ಇರಲಿಲ್ಲ. ಬಂದ ಹಳದಿ ಚೀಟಿಯನ್ನು ಬಿಚ್ಚದೆಯೇ ಮೊಳೆಗೆ ಚುಚ್ಚಿದಳು. ಮೊದಲನೆಯದನ್ನಂತೂ ಸಿಟ್ಟಿನಲ್ಲಿ ಎಷ್ಟು ಜೋರಾಗಿ ಚುಚ್ಚಿದಳೆಂದರೆ ಮರದ ತುಂಡೇ ಮೇಜಿನಿಂದ ಒಮ್ಮೆ ಎಗರಿತು.

ಚೀಟಿ ಹೊತ್ತು ತರುತ್ತಿದ್ದವಳು ಪೌಡರಮ್ಮ. ಅಪ್ಪನ ಕಾಲದಿಂದಲೂ ಅಚ್ಚಿಗೆ ಪ್ಲಾಸ್ಟರ್ ಕಲೆಸುವವಳು. ಮೊಣಕೈವರೆಗೆ ಸದಾ ಬೆಳ್ಳಗಿರುವ ಕೈಗಳಿಂದಾಗಿ ಆ ಹೆಸರು. ನಿಜವಾದ ಹೆಸರು ಅವಳಿಗೇ ನೆನಪಿದೆಯೋ ಇಲ್ಲವೋ. ಇಬ್ಬರನ್ನೂ ಎತ್ತಿ ಆಡಿಸಿದವಳಾದ್ದರಿಂದ ಇವರ ಮುನಿಸಿಗೆ ಅವಳು ಮೂರು ಕಾಸಿನ ಬೆಲೆಯನ್ನೂ ಕೊಡುತ್ತಿರಲಿಲ್ಲ. ಚೀಟಿ ಕೊಡುವಳು, ಚುಚ್ಚಿದ್ದು ನೋಡುವಳು, ಹೋಗಿ ಅಕ್ಕನಿಗೆ ಚುಚ್ಚಿದಳು ಎಂದು ಹೇಳುವಳು. ಅಷ್ಟಕ್ಕೆ ಅವಳ ರಾಯಭಾರ ಮುಗಿಯಿತು.

ಇನ್ನು ಡಬ್ಬದ ಕಥೆ. ಶನಿವಾರವೇ ತಂಗಿ ಅದನ್ನು ಅಟ್ಟದಿಂದ ಇಳಿಸಿ, ಹಿಂದೆ ಕುಲುಮೆ ಇದ್ದ ಕೋಣೆಯಲ್ಲಿ ಮೇಜಿನ ಮೇಲಿಟ್ಟು, ಹೊಟ್ಟೆ ಬಿಚ್ಚಿ ಧೂಳು ಊದಿದಳು. ಇಂಥ ಕಂಪ್ಯೂಟರಿನ ಬೋರ್ಡಿನ ಮೇಲೆ ಗುಂಡಗಿನ ಚಪ್ಪಟೆ ಸೆಲ್ ಒಂದಿರುತ್ತದೆ. ಕರೆಂಟು ಇಲ್ಲದಾಗಲೂ ತಾರೀಕು, ಸೆಟ್ಟಿಂಗುಗಳನ್ನು ನೆನಪಿಡುವುದು ಆ ಸೆಲ್ಲಿನ ಬಲದಿಂದ. ವರ್ಷಗಟ್ಟಲೆ ಅಟ್ಟದಲ್ಲಿದ್ದ ಡಬ್ಬ, ಸೆಲ್ ಸತ್ತಿರುವುದು ಖಂಡಿತ ಎಂದು ತಂಗಿ ಗಡಿಯಾರದ ಅಂಗಡಿಗೆ ಹೋಗಿ ಹೊಸ ಸೆಲ್ ತಂದು ತನ್ನ ಕೈಯಾರೆ ಕೂರಿಸಿದಳು. ಇದನ್ನು ನೆನಪಿಟ್ಟುಕೊಳ್ಳಿ, ಅವಳಂತೂ ಮುಂದಿನ ಐದು ದಿನ ಮರೆಯಲಿಲ್ಲ. ಅದೇ ಅವಳನ್ನು ಹಾಳು ಮಾಡಿದ್ದು.

ಸೋಮವಾರ ಇಡೀ ದಿನ ಕೀಬೋರ್ಡಿನ ಜೊತೆ ಹೋಯಿತು. ಈಗಿನ ಕೀಬೋರ್ಡನ್ನು ಡಬ್ಬ ಗುರುತೇ ಹಿಡಿಯಲಿಲ್ಲ, ಬಂಧುಬಳಗದವರಲ್ಲ ಎಂಬಂತೆ ಮುಖ ತಿರುಗಿಸಿತು. ದುಂಡು ಪಿನ್ನಿನ ಹಳೆಯದೊಂದನ್ನು ಹುಡುಕಿ ತಂದರೆ ಅದರ ಅರ್ಧ ಗುಂಡಿಗಳಲ್ಲಿ ಪ್ಲಾಸ್ಟರ್ ಗಟ್ಟಿಯಾಗಿ ಕೂತಿತ್ತು. ಹಲ್ಲು ಕೆರೆಯುವ ಸಲಾಕೆಯಲ್ಲಿ ಒಂದೊಂದೇ ಗುಂಡಿ ಕೆರೆದು ಬಿಡಿಸಿದಳು. ಪೆನ್‌ಡ್ರೈವಿನಿಂದ ಫೈರ್‌ವಾಲ್ ಹತ್ತಿಸಲು ಹೊರಟರೆ ಅಕ್ಷರಗಳು ಓಡಿಬಂದು ಗಪ್ಪನೆ ನಿಂತವು. ಪೆನ್‌ಡ್ರೈವ್ ಬದಲಿಸಿದಳು, ನಿಂತವು. ಮತ್ತೊಮ್ಮೆ ಡೌನ್‌ಲೋಡ್ ಮಾಡಿದಳು, ಅದೇ ಜಾಗದಲ್ಲಿ ನಿಂತವು.

ಮಂಗಳವಾರ ಇಂಟರ್ನೆಟ್ಟಿನ ಯಾವುದೋ ಮೂಲೆಯಲ್ಲಿ ಪುಣ್ಯಾತ್ಮನೊಬ್ಬ ಎಷ್ಟೋ ವರ್ಷದ ಹಿಂದೆ ಬರೆದಿಟ್ಟದ್ದು ಸಿಕ್ಕಿತು. ಹಳೇ ಯಂತ್ರಗಳು ಇಲ್ಲದ ಫ್ಲಾಪಿ ಡ್ರೈವನ್ನು ಹುಡುಕುತ್ತಾ ನಿಂತುಬಿಡುತ್ತವೆ, ಸೆಟ್ಟಿಂಗಿನಲ್ಲಿ ಫ್ಲಾಪಿಯನ್ನು ಆಫ್ ಮಾಡಿ ಎಂದಿದ್ದ. ಹಾಗೆ ಮಾಡಿದ್ದೇ ತಡ, ಅಕ್ಷರಗಳು ಆ ಸಾಲನ್ನು ದಾಟಿ ಮುಂದಕ್ಕೆ ಓಡಿದವು. ತಂಗಿ ಒಬ್ಬಳೇ ಚಪ್ಪಾಳೆ ತಟ್ಟಿದಳು. ಅಷ್ಟರಲ್ಲಿ ಯಾವುದೋ ಡಾಕ್ಟರಿಂದ ತುರ್ತು ಫೋನು. ಯಂತ್ರ ಆರಿಸಿ, ಬಾಗಿಲ ಪಕ್ಕದ ಸ್ವಿಚ್ ತೆಗೆದು ಹೋದಳು. ಬಂದು ಹಾಕಿದರೆ ಮತ್ತೆ ಅದೇ ಸಾಲು. ಅಂದರೆ ಫ್ಲಾಪಿ ಅಲ್ಲ, ಇನ್ನೇನೋ ಎಂದುಕೊಂಡು ಮೆಮೊರಿ ಪಟ್ಟಿಗಳನ್ನು ಕಿತ್ತು ರಬ್ಬರಿನಲ್ಲಿ ಉಜ್ಜಿದಳು, ನೆಟ್‌ವರ್ಕ್ ಕಾರ್ಡಿನ ಜಾಗ ಬದಲಿಸಿದಳು, ಕೇಬಲ್ ಬದಲಿಸಿದಳು. ಹೀಗೆ ಎಲ್ಲ ಮಾಡುವಾಗ ಜೊತೆಗೆ ಸೆಟ್ಟಿಂಗನ್ನೂ ಮಾಡುತ್ತಿದ್ದಳಾದ್ದರಿಂದ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ದೇವರಾಣೆಗೂ ಗೊತ್ತಾಗಲಿಲ್ಲ. ಅವಳು ಕೋಣೆಯಲ್ಲಿರುವಷ್ಟು ಹೊತ್ತು ಡಬ್ಬ ಗಡಿಯಾರದಂತೆ ಕೆಲಸ ಮಾಡುವುದು, ಅವಳು ಹೋಗಿ ಬರುವಷ್ಟರಲ್ಲಿ ಮಾಡಿದ್ದೆಲ್ಲ ಮರೆತು ಕೂರುವುದು.

ಬುಧವಾರ ಮಧ್ಯಾಹ್ನ ಅವಳ ತಲೆಯಲ್ಲಿ ಒಂದು ಕೆಟ್ಟ ಯೋಚನೆ ಬಂತು. ತಾನಿಲ್ಲದಾಗ ಮಾತ್ರ ಕೆಡುತ್ತದೆ ಎಂದರೆ ತಾನಿಲ್ಲದಾಗ ಯಾರೋ ಬಂದು ಕೆಡಿಸುತ್ತಿರಬೇಕು. ಆ ಯಾರೋ ಯಾರು ಎಂದು ಬಿಡಿಸಿ ಹೇಳಬೇಕಾಗಿರಲಿಲ್ಲ. ಊಟಕ್ಕೆ ಹೋಗುವ ಮುಂಚೆ ಡಬ್ಬದ ಮುಚ್ಚಳ ಸೇರುವಲ್ಲಿ ಅಕ್ಕನದೇ ಕೆಂಪು ಮೇಣದ ಒಂದು ಹನಿ ಬಿಟ್ಟಳು. ಯಾರಾದರೂ ತೆರೆದರೆ ಒಡೆಯಬೇಕು. ಬಂದು ನೋಡಿದರೆ ಮೇಣ ಇಟ್ಟ ಹಾಗೇ ಇತ್ತು, ಡಬ್ಬ ಮಾತ್ರ ಮತ್ತೆ ಮರೆತಿತ್ತು. ಸೆಟ್ಟಿಂಗ್ ಅಳಿಸಿಹೋಗಿದೆ, ಮುಂದುವರಿಯಲು ಗುಂಡಿ ಒತ್ತಿ ಎಂದು ಪರದೆ ಹೇಳುತ್ತಿತ್ತು. ತಾರೀಕು ನೋಡಿದರೆ ಇಪ್ಪತ್ತು ವರ್ಷ ಹಿಂದಿನದು. ಸೆಲ್ ಸತ್ತಾಗ ಹೀಗಾಗುತ್ತದೆ ಎಂದು ಅವಳಿಗೆ ಗೊತ್ತಿಲ್ಲದೆ ಏನು. ಆದರೆ ಸೆಲ್ ಹೊಸದು, ತಾನೇ ಹಾಕಿದ್ದು. ಹಾಗಾದರೆ ಬೋರ್ಡೇ ಕೆಟ್ಟಿದೆ. ಬೋರ್ಡು ಕೆಟ್ಟರೆ ಇನ್ನು ಮಾಡುವುದಕ್ಕೆ ಏನೂ ಇಲ್ಲ.

ಆದರೂ ಪಟ್ಟು ಬಿಡದೆ ಸೆಟ್ಟಿಂಗ್ ಮತ್ತೆ ಮಾಡಿ, ಫೈರ್‌ವಾಲನ್ನು ಪೂರ್ತಿ ಹತ್ತಿಸಿ, ಆಸ್ಪತ್ರೆಯ ಲಿಂಕಿಗೆ ಬೇಕಾದ ನಿಯಮಗಳನ್ನೆಲ್ಲ ಬರೆದಳು. ಸಂಜೆ ಐದೂವರೆಗೆ ಎಲ್ಲ ಸರಿಯಾಗಿ ನಡೆಯಿತು. ಇನ್ನಾದರೂ ಬುದ್ಧಿ ಬಂದೀತು ಎಂಬ ಆಸೆಯಿಂದ ಆರಿಸಿ, ಸ್ವಿಚ್ ತೆಗೆದು, ಮನೆಗೆ ಹೋದಳು. ಗುರುವಾರ ಬೆಳಿಗ್ಗೆ ಏನಾಯಿತು ಎಂದು ಆಗಲೇ ಹೇಳಿದ್ದೇನೆ.

ಈಗ ಅವಳ ಸಂಕಟ ಏನೆಂದರೆ, ಸೆಟ್ಟಿಂಗ್ ಮಾಡಿ ನಾಲ್ಕು ಗಂಟೆಯವರೆಗೆ ಆರಿಸದೆ ಕಾದು ಕೂರಬಹುದಿತ್ತು. ಆದರೆ ಆ ಅಧಿಕಾರಿ ಕರೆಂಟು ತೆಗೆದು ಹಾಕಿ ಎನ್ನುತ್ತಾನೆ. ತೆಗೆದ ಕೂಡಲೆ ಡಬ್ಬ ಎಲ್ಲ ಮರೆತು, ಗುಂಡಿ ಒತ್ತಿ ಎಂದು ಹಲ್ಲು ಕಿರಿಯುತ್ತದೆ. ಆತ ಸುಳ್ಳು ಹೇಳಿಸಿಕೊಳ್ಳುವವನಲ್ಲ, ಅವಳಿಗೆ ಹೇಳಲೂ ಬರುವುದಿಲ್ಲ. ಹೊಸ ಪೆಟ್ಟಿಗೆ ತರಿಸಲು ಹೊತ್ತು ಮೀರಿತ್ತು. ಹನ್ನೆರಡು ವರ್ಷದ ಕೆಲಸ, ಕೈಹಿಡಿದ ವಿದ್ಯೆ, ಎಲ್ಲವೂ ಒಂದು ತುಕ್ಕು ಹಿಡಿದ ಡಬ್ಬದ ನೆನಪಿನ ಶಕ್ತಿಗೆ ಗಂಟು ಬಿದ್ದಿತ್ತು. ಅಕ್ಕ ಅಂದದ್ದೇ ನಿಜವಾಯಿತು, ನನ್ನ ಕೈಲಾಗಲಿಲ್ಲ. ಅದನ್ನು ನೆನೆದಾಗ ಬಂದ ಅಳುವನ್ನು ತಂಗಿ ನುಂಗಿಕೊಂಡಳು, ಅದರ ಜೊತೆಗೆ ಒಂದಿಷ್ಟು ಪ್ಲಾಸ್ಟರ್ ಧೂಳನ್ನೂ.

ಹನ್ನೊಂದಕ್ಕೆ ಪೌಡರಮ್ಮ ಇನ್ನೊಂದು ಹಳದಿ ಚೀಟಿ ತಂದಳು. ತಂಗಿ ನೋಡದೆಯೇ ಕೈಚಾಚಿ ತೆಗೆದುಕೊಂಡು ಮೊಳೆಗೆ ಚುಚ್ಚಿದಳು. ಒಂದು ಗಂಟೆಗೆ ಬೋರ್ಡನ್ನು ಪೂರ್ತಿ ಹೊರಗೆ ತೆಗೆದು ಬ್ರಷ್ ಹಾಕಿ ಉಜ್ಜಿದಳು. ಎರಡಕ್ಕೆ ಮತ್ತೆ ಜೋಡಿಸಿದಳು. ಎರಡೂಕಾಲಿಗೆ ಅದು ಮತ್ತೆ ಮರೆಯಿತು.

ಪೌಡರಮ್ಮ ತನ್ನ ಚಿಕ್ಕ ತಕ್ಕಡಿಯನ್ನು ಎದೆಗವಚಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಪ್ಲಾಸ್ಟರ್ ಪುಡಿ ತೂಗುವ, ಅಂಗೈ ಅಗಲದ ಎಲೆಕ್ಟ್ರಾನಿಕ್ ತಕ್ಕಡಿ. ಮುಂದಿನ ಕೋಣೆಯಲ್ಲಿ ಅಕ್ಕ ಫ್ಯಾನ್ ಹಾಕಿದ್ದಾಳೆ, ಗಾಳಿಗೆ ಪುಡಿ ಹಾರುತ್ತದೆ, ಸ್ವಲ್ಪ ಹೊತ್ತು ಇಲ್ಲೇ ತೂಗುತ್ತೇನೆ ಎಂದಳು. ತಂಗಿ ತಲೆಯಾಡಿಸಿದಳು. ಮುದುಕಿ ಮೂಲೆಯಲ್ಲಿ ಕೂತು ತೂಗುತ್ತಾ, ತನ್ನ ಪಾಡಿಗೆ ತಾನು ಮಾತಾಡುತ್ತಾ ಹೋದಳು. ಮೊದಲೆಲ್ಲ ಈ ತಕ್ಕಡಿ ಒಮ್ಮೆ ಒಂದು ತೂಕ, ಇನ್ನೊಮ್ಮೆ ಇನ್ನೊಂದು ತೂಕ ತೋರಿಸುತ್ತಿತ್ತು, ಸೋಮವಾರ ಬೆಳಿಗ್ಗೆಯಂತೂ ಕಣ್ಣೇ ಬಿಡಲಿಲ್ಲ, ಈಗ ನೋಡು ಎಷ್ಟು ಚೆನ್ನಾಗಿದೆ ಎಂದಳು.

"ಹೇಗೆ ಸರಿಹೋಯ್ತು?" ತಂಗಿ ಕೇಳಬೇಕೆಂದು ಕೇಳಲಿಲ್ಲ, ಸುಮ್ಮನೆ ಬಾಯಿಗೆ ಬಂತು.

"ನಿಮ್ಮಕ್ಕ ಹೊಸ ಸೆಲ್ ಹಾಕಿಕೊಟ್ಟಳಲ್ಲ ಪುಟ್ಟಾ. ನಿನ್ನ ಡಬ್ಬದೊಳಗಿಂದ ತೆಗೆದು. ಅಷ್ಟು ಬೆಳಿಗ್ಗೆ ಅಂಗಡಿ ಎಲ್ಲಿ ತೆಗೆದಿರುತ್ತೆ?"

ತಂಗಿಯ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಅಲ್ಲೇ ನಿಂತಿತು. "ಡಬ್ಬದಲ್ಲಿ ಈಗ್ಲೂ ಸೆಲ್ ಇದೆಯಲ್ಲ ಪೌಡರಮ್ಮ."

"ಅದು ತಕ್ಕಡೀದು. ಜಾಗ ಖಾಲಿ ಬಿಡಬಾರದು ಅಂತ ಅಲ್ಲಿಗೆ ಹಾಕಿದಳು. ಚೀಟೀಲಿ ಬರೆದಿದ್ದಳಲ್ಲ, ನಾನೇ ತಂದುಕೊಟ್ಟೆ. ನೀನು ಚುಚ್ಚಿದೆ."

ಸತ್ತ ಸೆಲ್ಲಿಗೂ ಬದುಕಿರುವ ಸೆಲ್ಲಿಗೂ ಮುಖದಲ್ಲಿ ವ್ಯತ್ಯಾಸವಿರುವುದಿಲ್ಲ. ಎರಡೂ ಒಂದೇ ಹೊಳಪು. ತಂಗಿ ಐದು ದಿನದಲ್ಲಿ ಆ ಬೋರ್ಡಿನ ಪ್ರತಿಯೊಂದು ತುಣುಕನ್ನೂ ಕಿತ್ತು ಹಾಕಿದ್ದಳು, ಹೊಸದೆಂಬ ನಂಬಿಕೆಯಲ್ಲಿ ಅದೊಂದನ್ನು ಬಿಟ್ಟು. ಅವಳ ಕಣ್ಣು ಬಾಗಿಲ ಪಕ್ಕದ ಸ್ವಿಚ್ಚಿಗೆ ಹೋಯಿತು. ಈ ಕೋಣೆಯಲ್ಲಿ ಕುಲುಮೆ ಇದ್ದ ಕಾಲದಲ್ಲಿ ಒಮ್ಮೆ ಯಾರೋ ಆರಿಸಲು ಮರೆತು ಕಿಟಕಿಯ ಪರದೆ ಹೊತ್ತಿಕೊಂಡಿತ್ತು. ಅಂದಿನಿಂದ ಕೋಣೆಯಿಂದ ಹೊರಗೆ ಕಾಲಿಡುವ ಮುಂಚೆ ಸ್ವಿಚ್ ತೆಗೆಯಬೇಕು ಎಂಬುದು ಅಪ್ಪನ ಕಟ್ಟಪ್ಪಣೆ. ಕುಲುಮೆ ಹೋಗಿ ಎಷ್ಟೋ ವರ್ಷವಾದರೂ ಇಬ್ಬರು ಹೆಣ್ಣುಮಕ್ಕಳ ಕೈ ಅದನ್ನು ಮರೆತಿರಲಿಲ್ಲ. ಹೋಗುವಾಗಲೆಲ್ಲ ಆರಿಸುತ್ತಿದ್ದವಳು ತಾನೇ. ಅಕ್ಕ ಸೆಲ್ ತೆಗೆದಳು, ತಾನು ಕರೆಂಟು ತೆಗೆದಳು, ಡಬ್ಬ ಪಾಪ ಏನನ್ನು ಇಟ್ಟುಕೊಂಡು ನೆನಪಿಡಬೇಕು?

ಅವಳಿಗೆ ಮೊದಲು ಬಂದದ್ದು ಸಿಟ್ಟು. ನನ್ನ ಡಬ್ಬಕ್ಕೆ ಕೈ ಹಾಕಲು ಇವಳ್ಯಾರು ಎಂದುಕೊಂಡು, ಸಾಕ್ಷಿ ಹಿಡಿದುಕೊಂಡೇ ಹೋಗಿ ಕೇಳುತ್ತೇನೆಂದು ಮೊಳೆಯಿಂದ ಹಳದಿ ಚೀಟಿಗಳನ್ನೆಲ್ಲ ಒಟ್ಟಿಗೆ ಎಳೆದು ತೆಗೆದಳು. ಐದು ಇದ್ದವು, ಪ್ರತಿಯೊಂದಕ್ಕೂ ನಡುವೆ ಒಂದು ತೂತು. ಸೋಮವಾರದ್ದನ್ನು ಹುಡುಕಿ ಬಿಚ್ಚಿದಳು. "ತಕ್ಕಡಿ ನಿಂತುಹೋಗಿತ್ತು. ನಿನ್ನ ಡಬ್ಬದ ಗುಂಡು ಸೆಲ್ ಅದಕ್ಕೆ ಹಾಕಿದ್ದೇನೆ, ಅದರದ್ದು ಇದಕ್ಕೆ. ಇದರಿಂದ ತೊಂದರೆ ಆಗುವುದಾದರೆ ಹೇಳು, ಹತ್ತು ಗಂಟೆಗೆ ಹೋಗಿ ಬೇರೆ ತರುತ್ತೇನೆ." ತೊಂದರೆ ಆಗುವುದಾದರೆ ಹೇಳು ಎಂಬುದನ್ನು ತಂಗಿ ಎರಡು ಸಲ ಓದಿದಳು. ಸಾಕ್ಷಿ ಯಾರ ಕಡೆಗೆ ವಾಲುತ್ತಿದೆ ಎಂದು ತಿಳಿಯತೊಡಗಿತು.

ಮಂಗಳವಾರದ್ದು: "ಊಟದ ಡಬ್ಬಿ ತಂದಿಲ್ಲ ಅನ್ನಿಸುತ್ತೆ. ಮೇಲೆ ಮಾಡಿಟ್ಟಿದ್ದೇನೆ." ಬುಧವಾರದ್ದು: "ಕಣ್ಣು ಕೆಂಪಾಗಿದೆ. ಡ್ರಾಪ್ಸ್ ನನ್ನ ಮೇಜಿನ ಎರಡನೇ ಖಾನೆಯಲ್ಲಿದೆ." ಈ ಬೆಳಿಗ್ಗೆಯದು: "ನಾಲ್ಕು ಗಂಟೆಗೆ ಅವರ ಹತ್ತಿರ ನಾನು ಮಾತಾಡಲಾ? ತಪ್ಪು ನನ್ನದು, ನಿನ್ನ ಕೆಲಸ ಹೋಗುವುದು ಬೇಡ. ಹೂಂ ಅಂತ ಪೌಡರಮ್ಮನ ಹತ್ತಿರ ಹೇಳಿಕಳಿಸು, ಸಾಕು."

ಯಾವ ತಪ್ಪು ಎಂದು ತಂಗಿಗೆ ಅರ್ಥವಾಗಲಿಲ್ಲ. ಉಳಿದಿದ್ದು ಎಲ್ಲಕ್ಕಿಂತ ಅಡಿಯದು, ಶನಿವಾರ ಸಂಜೆಯದು. ಮರದ ತುಂಡು ಎಗರುವ ಹಾಗೆ ಚುಚ್ಚಿದ್ದರಿಂದ ಅದರ ತೂತು ಎಲ್ಲಕ್ಕಿಂತ ದೊಡ್ಡದಾಗಿತ್ತು. ಅಕ್ಕನ ಅಕ್ಷರ ಮೇಣದಲ್ಲಿ ಕೊರೆದಂತೆ ಸ್ಪಷ್ಟ, ಆದರೆ ಇದರಲ್ಲಿ ಎರಡು ಕಡೆ ಹೊಡೆದು ಹಾಕಿ ಮತ್ತೆ ಬರೆದಿದ್ದಳು.

"ಆ ಮೇಲ್ ತೆರೆದದ್ದು ನಾನು. ನೀನು ಊಟಕ್ಕೆ ಹೋಗಿದ್ದಾಗ ಸ್ಕ್ಯಾನ್ ಬಂದಿದೆಯೇನೋ ಎಂದು ಒತ್ತಿದೆ. ಅವರು ಫೋನಿನಲ್ಲಿ ಕೇಳಿದಾಗ ಹೆದರಿ ನಿನ್ನ ಮೇಲೆ ಹಾಕಿದೆ. ಬಾಯಿಬಿಟ್ಟು ಹೇಳಲು ಆಗುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹೊಸ ಪೆಟ್ಟಿಗೆ ತರಿಸಿಕೋ. ಕೈಲಾಗದು ಅಂದದ್ದೂ ತಪ್ಪು."

ತಂಗಿ ಚೀಟಿಯನ್ನು ಮೇಜಿನ ಮೇಲೆ ಹರವಿ ಇನ್ನೊಮ್ಮೆ ಓದಿದಳು. ಹೊಸ ಪೆಟ್ಟಿಗೆ ತರಿಸಿಕೋ ಎಂದು ಅಕ್ಕ ಶನಿವಾರವೇ ಬರೆದಿದ್ದಳು. ಐದು ದಿನ ತಾನು ಆ ತುಕ್ಕಿನ ಜೊತೆ ಹೊಡೆದಾಡಿದ್ದು, ಉಗುರು ಮುರಿದುಕೊಂಡದ್ದು, ಮೇಣದ ಹನಿ ಬಿಟ್ಟು ಅಕ್ಕನನ್ನು ಕಳ್ಳಿಯಂತೆ ಕಾದದ್ದು, ಎಲ್ಲವೂ ಆಗಲೇ ಗೆದ್ದ ಜಗಳಕ್ಕಾಗಿ. ಆದರೆ ಅದಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ಮೊಳೆಗೆ ಹೋದ ಚೀಟಿ ಓದಿದ ಚೀಟಿ. ಅಕ್ಕ ತಪ್ಪೊಪ್ಪಿಕೊಂಡು ಕಳಿಸಿದಳು, ಚುಚ್ಚಿದಳು ಎಂದು ಪೌಡರಮ್ಮ ಹೋಗಿ ಹೇಳಿದಳು. ಅಂದರೆ ಅಕ್ಕನ ಲೆಕ್ಕದಲ್ಲಿ ತಂಗಿ ಎಲ್ಲವನ್ನೂ ಓದಿ, ಮುಗಿಯಿತು ಎಂದು ಚುಚ್ಚಿ, ಐದು ದಿನ ಮುಖ ಎತ್ತಿಯೂ ನೋಡಲಿಲ್ಲ. ಹಾಗಿದ್ದೂ ಊಟ ಮಾಡಿಟ್ಟಳು, ಕಣ್ಣಿನ ಡ್ರಾಪ್ಸ್ ಎಲ್ಲಿದೆ ಎಂದು ಬರೆದಳು. ತಂಗಿಗೆ ನಾಚಿಕೆಯಾಯಿತು. ಬಿಸಿ ನೀರು ಹೊಯ್ದಂತೆ ಮುಖ ಕಿವಿಯವರೆಗೂ ಕೆಂಪಾಯಿತು.

ಹೊತ್ತು ಎರಡೂಮುಕ್ಕಾಲು. ಅವಳು ಎದ್ದು ಮುಂದಿನ ಕೋಣೆಗೆ ಹೋದಳು. ಅಕ್ಕ ಭೂತಗನ್ನಡಿ ಹಾಕಿಕೊಂಡು ದವಡೆ ಹಲ್ಲೊಂದರ ಮೇಲೆ ಬಗ್ಗಿದ್ದಳು.

"ಅಕ್ಕಾ, ಚೀಟಿ ಓದಿದೆ."

ಅಕ್ಕನ ಚಾಕು ನಿಂತಿತು. "ಯಾವುದು?"

"ಎಲ್ಲಾ. ಈಗ."

"ಈಗ ಅಂದ್ರೆ?"

"ಈಗಲೇ. ಇಷ್ಟು ದಿನ ಬಿಚ್ಚೇ ನೋಡಿರ್ಲಿಲ್ಲ."

ಅಕ್ಕ ಭೂತಗನ್ನಡಿಯನ್ನು ಹಣೆಯ ಮೇಲಕ್ಕೆ ಸರಿಸಿ ಅವಳನ್ನೇ ನೋಡಿದಳು. ಬೈಯುತ್ತಾಳೆಂದು ತಂಗಿ ಕಾದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅಕ್ಕ ಕೈಯಲ್ಲಿದ್ದ ಮೇಣದ ಹಲ್ಲನ್ನು ಮೇಜಿನ ಮೇಲಿಟ್ಟಳು, ಅದು ಉರುಳಿ ಬೀಳದಂತೆ ಸರಿಮಾಡಿದಳು.

"ಐದು ದಿನ," ಅಂದಳು ಅಕ್ಕ ತಗ್ಗಿದ ದನಿಯಲ್ಲಿ. "ಐದು ದಿನ ನಾನು ಮೇಲೆ ಹೋಗಿ ಒಬ್ಬಳೇ ಊಟದ ಮುಂದೆ ಕೂತ್ಕೊಂಡು, ಇವಳಿಗೆ ಇಷ್ಟು ಕಲ್ಲುಮನಸ್ಸು ಎಲ್ಲಿಂದ ಬಂತು ಅಂದ್ಕೊಂಡೆ ಕಣೇ." ತಂಗಿ ಅಲ್ಲಿಯೇ ಇದ್ದ ಸ್ಟೂಲಿನ ಮೇಲೆ ಕೂತು ಅತ್ತಳು. ಅಕ್ಕ ಎರಡನೇ ಖಾನೆ ಎಳೆದು ಕಣ್ಣಿನ ಡ್ರಾಪ್ಸ್ ಮುಂದಿಟ್ಟಳು. ಆಮೇಲೆ, ಡಬ್ಬ ಏನಾಯಿತು ಎಂದು ಕೇಳಿದಳು. ಸೆಲ್ಲಿನ ಕಥೆ ಕೇಳಿ ಅವಳ ಮುಖ ಸಣ್ಣಗಾಯಿತು. ಇಷ್ಟಕ್ಕೆಲ್ಲ ಆ ಚೂರು ಕಾರಣವಾ ಎಂದು ಎರಡು ಸಲ ಕೇಳಿ, ತಾನೇ ಎದ್ದು ಹೋಗಿ ಪೌಡರಮ್ಮನ ತಕ್ಕಡಿಯನ್ನು ತಿರುಗಿಸಿ ಸೆಲ್ ಕಿತ್ತಳು. ಅರ್ಧ ತೂಗಿದ ಪುಡಿ ಹಿಡಿದುಕೊಂಡು ಪೌಡರಮ್ಮ, ಸೋಮವಾರ ಕೊಟ್ಟು ಗುರುವಾರ ಕಿತ್ತುಕೊಳ್ಳುವುದು ಯಾವ ನ್ಯಾಯ ಎಂದು ಗೊಣಗಿದಳು.

ಸೆಲ್ ಕೂತಿತು. ತಾರೀಕು, ಫ್ಲಾಪಿ, ಉಳಿದ ಸೆಟ್ಟಿಂಗು, ಎಲ್ಲ ಸೇರಿ ನಾಲ್ಕು ನಿಮಿಷದ ಕೆಲಸ. ಯಂತ್ರ ಎದ್ದಿತು, ಅಕ್ಷರಗಳು ಆ ಹಾಳು ಸಾಲಿಗೆ ಬಂದವು, ದಾಟಿ ಹೋದವು. ತಂಗಿ ಗೋಡೆಯ ಸ್ವಿಚ್ ತೆಗೆದಳು, ಮೂವತ್ತರವರೆಗೆ ಎಣಿಸಿ ಹಾಕಿದಳು. ಡಬ್ಬ ಯಾರನ್ನೂ ಏನನ್ನೂ ಕೇಳದೆ ತಾನಾಗಿ ಎದ್ದು ನಿಂತಿತು. ಐದು ದಿನ ಗೋಳಾಡಿಸಿದ ಯಂತ್ರಕ್ಕೆ ಅಷ್ಟು ಸಭ್ಯತೆ ಇದೆ ಎಂದು ಯಾರೂ ನಂಬುವ ಹಾಗಿರಲಿಲ್ಲ. ತಂಗಿಗೆ ಅದನ್ನು ಒದೆಯಬೇಕು ಎನ್ನಿಸಿತು, ಒದೆಯಲಿಲ್ಲ.

ನಾಲ್ಕು ಗಂಟೆಗೆ ಸರಿಯಾಗಿ ಫೋನು ಬಂತು. ಅಧಿಕಾರಿ ಆ ಕಡೆಯಿಂದ ಏನೇನೋ ತಟ್ಟಿ ನೋಡಿದ, ಕರೆಂಟು ತೆಗೆಸಿದ, ಹಾಕಿಸಿದ, ಮತ್ತೆ ತಟ್ಟಿದ. ಕೊನೆಗೆ ಸರಿಯಾಗಿದೆ, ಲಿಂಕ್ ಇರುತ್ತದೆ ಎಂದ. ತಂಗಿ ಥ್ಯಾಂಕ್ಸ್ ಹೇಳಿ ಇಡುವಷ್ಟರಲ್ಲಿ ಅಕ್ಕ ಪಕ್ಕದಿಂದ ಬಂದು ಫೋನು ಕೊಡು ಎಂಬಂತೆ ಕೈ ಚಾಚಿದಳು. ಬೇಡ ಬಿಡಕ್ಕ, ಎಲ್ಲ ಮುಗಿಯಿತಲ್ಲ ಎಂದು ತಂಗಿ ಕಣ್ಣಿನಲ್ಲೇ ಹೇಳಿದಳು. ಅಕ್ಕ ಕೈ ಹಿಂದೆ ತೆಗೆಯಲಿಲ್ಲ.

"ಸರ್, ನಾನು ಅವಳ ಅಕ್ಕ ಮಾತಾಡ್ತಿರೋದು," ಅಂದಳು. "ಅವತ್ತು ನೀವು ಕೇಳಿದ್ರಲ್ಲ, ಮೇಲ್ ಯಾರು ತೆರೆದದ್ದು ಅಂತ. ನಾನು. ನನ್ನ ತಂಗಿ ಅಲ್ಲ." ಆ ಕಡೆಯಿಂದ ಆತ ಏನೋ ಅಂದ. ಪರವಾಗಿಲ್ಲ, ಅದು ಈಗ ಮುಖ್ಯವಲ್ಲ ಎಂದಿರಬೇಕು. "ನಿಮಗೆ ಮುಖ್ಯ ಅಲ್ಲದೆ ಇರಬಹುದು ಸರ್. ಬರೆದುಕೊಳ್ಳೋದಿದ್ರೆ ನನ್ನ ಹೆಸರಿಗೆ ಬರೆದುಕೊಳ್ಳಿ," ಎಂದು ಹೇಳಿ ಫೋನು ಇಟ್ಟಳು. ಅಂಗೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು.

ಇನ್ನು ಮೇಲೆ ಆ ಡಬ್ಬ ಹಗಲೂ ಇರುಳೂ ನಡೆಯುತ್ತಲೇ ಇರಬೇಕು. ತಂಗಿ ಹಳದಿ ಚೀಟಿಯೊಂದನ್ನು ಎಳೆದುಕೊಂಡು, ಈ ಸ್ವಿಚ್ ಯಾರೂ ಆರಿಸಬಾರದು ಎಂದು ಬರೆದು, ಅಕ್ಕನ ಕಡೆ ಚಾಚಿದಳು. ಅಕ್ಕ ಅದನ್ನು ತೆಗೆದುಕೊಳ್ಳಲಿಲ್ಲ.

"ಬಾಯಲ್ಲಿ ಹೇಳು," ಅಂದಳು.

"ಅಕ್ಕಾ, ಈ ಸ್ವಿಚ್ ಆರಿಸಬೇಡ."

"ಸರಿ."

ಊಟಕ್ಕೆ ಮೇಲೆ ಹೋಗೋಣ ಬಾ ಎಂದು ಅಕ್ಕ ಹೊರಟಳು. ಬಾಗಿಲು ದಾಟುವಾಗ ಅವಳ ಕೈ ತನ್ನ ಪಾಡಿಗೆ ತಾನೇ ಸ್ವಿಚ್ಚಿನವರೆಗೂ ಹೋಯಿತು. ಹಿಂದೆ ಬರುತ್ತಿದ್ದ ತಂಗಿ ಆ ಕೈಯನ್ನು ಹಿಡಿದುಕೊಂಡಳು, ಮೆಟ್ಟಿಲು ಹತ್ತಿ ಮುಗಿಯುವವರೆಗೂ ಬಿಡಲಿಲ್ಲ.